ಬ್ಯಾಸ್ ಮೀನಿಗೆ ಗಾಳ: ಮೊದಲು ಲೂರು, ಆಮೇಲೆ ದಾರ

ಬ್ಯಾಸ್ ಮೀನು ಹಿಡಿಯುವ ಹವ್ಯಾಸಕ್ಕೆ ಹೊಸದಾಗಿ ಇಳಿಯುವವರು ಸಾಮಾನ್ಯವಾಗಿ ಮೊದಲು ರಾಡ್ (ಗಾಳದ ಕೋಲು) ಮತ್ತು ರೀಲ್ (ದಾರ ಸುತ್ತುವ ರಾಟೆ) ಕೊಂಡು, ಅಂಗಡಿಯವರು ಸುತ್ತಿಕೊಟ್ಟ ದಾರವನ್ನೇ ಒಪ್ಪಿಕೊಂಡು, ಕೊನೆಗೆ ಕಣ್ಣಿಗೆ ಚೆಂದ ಕಂಡ ನಾಲ್ಕಾರು ಲೂರುಗಳನ್ನು, ಅಂದರೆ ಮೀನನ್ನು ಸೆಳೆಯುವ ಕೃತಕ ಆಮಿಷಗಳನ್ನು, ಆರಿಸಿಕೊಳ್ಳುತ್ತಾರೆ. ಈ ಕ್ರಮವನ್ನು ಪೂರ್ತಿ ತಿರುಗಿಸಿಕೊಳ್ಳುವುದೇ ಸರಿ. ಮೀನು ಎಲ್ಲಿ ಅಡಗಿದೆ ಎಂಬುದು ಲೂರನ್ನು ನಿರ್ಧರಿಸಬೇಕು, ಲೂರು ದಾರವನ್ನು ನಿರ್ಧರಿಸಬೇಕು, ಅವೆರಡೂ ಸೇರಿ ರಾಡನ್ನು ನಿರ್ಧರಿಸಬೇಕು. ದಾರದ ಕೆಲಸ ಸಿಕ್ಕ ಮೀನನ್ನು ದಡಕ್ಕೆ ಎಳೆದು ತರುವುದಕ್ಕೆ ಮುಗಿಯುವುದಿಲ್ಲ. ಲೂರು ಎಷ್ಟು ಆಳಕ್ಕೆ ಇಳಿಯುತ್ತದೆ, ನೀರಿನಲ್ಲಿ ಹೇಗೆ ಅಲುಗುತ್ತದೆ, ಮೀನು ಬಾಯಿ ಹಾಕಿದ್ದು ಕೈಗೆ ಎಷ್ಟು ಬೇಗ ತಿಳಿಯುತ್ತದೆ ಎಂಬುದೆಲ್ಲ ಬಹುಮಟ್ಟಿಗೆ ಅದರ ಮೇಲೆಯೇ ನಿಂತಿದೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಡಲ್ಲಾಸ್ ಮತ್ತು ಆಸ್ಟಿನ್ ಸುತ್ತಮುತ್ತ ಇರುವವರು ಬಹಳ ಮಂದಿಯಾದ್ದರಿಂದ ಇಲ್ಲಿನ ಉದಾಹರಣೆಗಳನ್ನು ಹೆಚ್ಚಾಗಿ ಟೆಕ್ಸಾಸ್‌ನಿಂದ ತೆಗೆದುಕೊಂಡಿದ್ದೇನೆ.

ಮೊದಲ ಹೆಜ್ಜೆ: ಮೀನಿನ ಸ್ವಭಾವ ತಿಳಿಯುವುದು

ಬ್ಯಾಸ್ ಎಂದು ಸಾಮಾನ್ಯವಾಗಿ ಕರೆಯುವುದು ಮುಖ್ಯವಾಗಿ ಎರಡು ಮೀನುಗಳನ್ನು. ಲಾರ್ಜ್‌ಮೌತ್ ಬ್ಯಾಸ್ ಬೆಚ್ಚಗಿನ, ನಿಂತ ಅಥವಾ ನಿಧಾನವಾಗಿ ಹರಿಯುವ ನೀರಿನಲ್ಲಿ ಜೊಂಡು, ಬಿದ್ದ ಮರ, ದೋಣಿಕಟ್ಟೆಯ ನೆರಳು ಇಂಥ ಮರೆಗಳಲ್ಲಿ ಹೊಂಚು ಹಾಕಿ ಕೂರುವ ಮೀನು. ಸ್ಮಾಲ್‌ಮೌತ್ ಬ್ಯಾಸ್ ತಂಪಾದ, ತಿಳಿಯಾದ, ಕಲ್ಲುತಳದ ನೀರನ್ನು ಇಷ್ಟಪಡುತ್ತದೆ. ಅಮೆರಿಕ-ಕೆನಡಾ ಗಡಿಯ ಗ್ರೇಟ್ ಲೇಕ್ಸ್ ಪ್ರದೇಶದಲ್ಲಿ ಬ್ಯಾಸ್‌ಗೆ ಗಾಳ ಹಾಕುವವರಿಗೆ ಅದೇ ಮುಖ್ಯ ಮೀನು. ಎರಡೂ ಸನ್‌ಫಿಶ್ ಕುಟುಂಬಕ್ಕೆ ಸೇರಿದವು.

ಲೂರಿನ ಆಯ್ಕೆಗೆ ಸಂಬಂಧಿಸಿದ ಎರಡು ಸಂಗತಿಗಳನ್ನು ಇಲ್ಲಿ ನೆನಪಿಡಬೇಕು. ಲಾರ್ಜ್‌ಮೌತ್ ಬ್ಯಾಸ್ ಬೇಟೆಯನ್ನು ಹಲ್ಲಿನಿಂದ ಕಚ್ಚಿ ಹರಿಯುವ ಮೀನಲ್ಲ. ಬಾಯಿಯನ್ನು ತಟ್ಟನೆ ಅಗಲಿಸಿ ನೀರಿನ ಸಮೇತ ಒಳಗೆ ಹೀರಿಕೊಳ್ಳುತ್ತದೆ, ರುಚಿ ಹಿಡಿಸದಿದ್ದರೆ ಅಷ್ಟೇ ವೇಗವಾಗಿ ಉಗುಳಿಬಿಡುತ್ತದೆ. ಮೆತ್ತನೆಯ ಪ್ಲಾಸ್ಟಿಕ್ ಹುಳುವನ್ನು ಅದು ಗಟ್ಟಿ ಲೂರಿಗಿಂತ ಸ್ವಲ್ಪ ಹೆಚ್ಚು ಹೊತ್ತು ಬಾಯಲ್ಲಿ ಇಟ್ಟುಕೊಳ್ಳುವುದರಿಂದ ಹೊಸಬರಿಗೆ ಪ್ರತಿಕ್ರಿಯಿಸಲು ಸಮಯ ಸಿಗುತ್ತದೆ. ಎರಡನೆಯದಾಗಿ, ಮೈಯ ಎರಡೂ ಬದಿಗೆ ಇರುವ ಪಾರ್ಶ್ವರೇಖೆಯ ಮೂಲಕ ಈ ಮೀನು ನೀರಿನ ಕಂಪನವನ್ನು ಗ್ರಹಿಸುತ್ತದೆ. ಕಣ್ಣಿಗೆ ಏನೂ ಕಾಣದ ಕೆಂಪು ಮಣ್ಣಿನ ನೀರಿನಲ್ಲೂ ಅದು ಬೇಟೆಯಾಡಬಲ್ಲದು. ಅಂಥ ನೀರಿಗೆ ಅಲುಗಾಟ ಮತ್ತು ಸದ್ದು ಹೆಚ್ಚಿರುವ ಲೂರು ಬೇಕು.

ಎರಡನೆಯ ಹೆಜ್ಜೆ: ನೀರನ್ನು ನೋಡುವುದು

ದಡ ತಲುಪಿದ ಕೂಡಲೇ ಗಾಳ ಎಸೆಯದೆ ಐದು ನಿಮಿಷ ನೀರನ್ನು ಗಮನಿಸಬೇಕು. ಬಿಳಿಯ ಲೂರೊಂದನ್ನು ನೀರಿಗಿಳಿಸಿ ಅದು ಕಣ್ಮರೆಯಾಗುವ ಆಳವನ್ನು ಅಂದಾಜು ಮಾಡಿಕೊಳ್ಳಿ. ನಾಲ್ಕು ಅಡಿಗಿಂತ ಕೆಳಗೂ ಅದು ಕಾಣುತ್ತಿದ್ದರೆ ತಿಳಿನೀರು, ಒಂದು ಅಡಿಯೊಳಗೇ ಮಾಯವಾದರೆ ಕೆಸರುನೀರು, ನಡುವಿನದೆಲ್ಲ ಮಬ್ಬುನೀರು ಎಂದು ಲೆಕ್ಕ ಹಾಕಿಕೊಂಡರೆ ಸಾಕು. ಆಸ್ಟಿನ್ ಪಕ್ಕದ ಲೇಕ್ ಟ್ರಾವಿಸ್ ಸುಣ್ಣಕಲ್ಲಿನ ನೆಲದ ತಿಳಿ ಜಲಾಶಯ; ಡಲ್ಲಾಸ್‌ನಿಂದ ಪೂರ್ವಕ್ಕೆ ಹೋದರೆ ಸಿಗುವ, ಸುಮಾರು 27 ಸಾವಿರ ಎಕರೆಯ ಲೇಕ್ ಫೋರ್ಕ್‌ನಲ್ಲಿ ಮುಳುಗಿದ ಕಾಡಿನ ಮರಗಳು ಇಂದಿಗೂ ನಿಂತಿವೆ. ಈ ಎರಡು ಜಾಗಗಳಿಗೆ ಒಂದೇ ದಾರ, ಒಂದೇ ಲೂರು ಒಯ್ಯುವುದರಲ್ಲಿ ಅರ್ಥವಿಲ್ಲ.

ನೀರಿನ ಉಷ್ಣತೆಯೂ ಅಷ್ಟೇ ಮುಖ್ಯ. 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ತಣ್ಣಗಿದ್ದಾಗ ಬ್ಯಾಸ್ ಆಳದಲ್ಲಿ ಜಡವಾಗಿರುತ್ತದೆ. 50ರಿಂದ 60ರ ನಡುವೆ ಮೊಟ್ಟೆಯಿಡುವ ತಯಾರಿಗಾಗಿ ಮೇಲೆ ಬಂದು ಚೆನ್ನಾಗಿ ತಿನ್ನತೊಡಗುತ್ತದೆ. 60ರ ಆಸುಪಾಸಿನಿಂದ 70ರವರೆಗೆ ದಡದ ಹತ್ತಿರ ಗುಂಡಿ ಮಾಡಿ ಮೊಟ್ಟೆಯಿಡುತ್ತದೆ. ಬೇಸಿಗೆಯ ಬಿಸಿಲೇರಿದ ಮೇಲೆ ದೊಡ್ಡ ಮೀನುಗಳು ಆಳಕ್ಕೋ ದಟ್ಟ ನೆರಳಿಗೋ ಸರಿಯುವುದರಿಂದ ಮುಂಜಾನೆ ಮತ್ತು ಸಂಜೆಯ ಒಂದೆರಡು ಗಂಟೆಗಳನ್ನು ಬಿಟ್ಟರೆ ಮೇಲ್ನೀರಿನ ಲೂರುಗಳಿಂದ ಹೆಚ್ಚಿನ ಪ್ರಯೋಜನವಿಲ್ಲ.

ಮೂರನೆಯ ಹೆಜ್ಜೆ: ದಾರದ ಮೂರು ಬಗೆಗಳನ್ನು ಅರಿಯುವುದು

ಮಾರುಕಟ್ಟೆಯಲ್ಲಿ ನೂರಾರು ಹೆಸರುಗಳಿದ್ದರೂ ದಾರದ ಬಗೆಗಳು ಮೂರೇ: ನೈಲಾನಿನ ಮೊನೊಫಿಲಮೆಂಟ್, ಫ್ಲೋರೋಕಾರ್ಬನ್, ಮತ್ತು ಹೆಣೆದ ಬ್ರೇಡ್. ಇವುಗಳನ್ನು ಹೋಲಿಸುವಾಗ ಪೊಟ್ಟಣದ ಮೇಲಿನ ಪೌಂಡ್ ಲೆಕ್ಕಕ್ಕಿಂತ (ದಾರ ಕಡಿಯದೆ ತಡೆಯುವ ಭಾರ) ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಇದು ತೇಲುತ್ತದೆಯೇ, ಮುಳುಗುತ್ತದೆಯೇ? ಎಳೆದರೆ ಎಷ್ಟು ಹಿಗ್ಗುತ್ತದೆ? ಕಲ್ಲಿಗೆ ಉಜ್ಜಿದರೆ ಏನಾಗುತ್ತದೆ?

ಮೊನೊ ಎಂದೇ ಎಲ್ಲರೂ ಕರೆಯುವ ನೈಲಾನ್ ದಾರದ ಸಾಂದ್ರತೆ ಸುಮಾರು 1.14, ಅಂದರೆ ನೀರಿಗಿಂತ ಸ್ವಲ್ಪವೇ ಹೆಚ್ಚು. ಹೀಗಾಗಿ ಅದು ಬಹಳ ನಿಧಾನವಾಗಿ ಮುಳುಗುತ್ತದೆ. ಚೆನ್ನಾಗಿ ಹಿಗ್ಗುತ್ತದೆ, ಗಂಟು ಸುಲಭವಾಗಿ ಕೂರುತ್ತದೆ, ಬೆಲೆಯೂ ಕಡಿಮೆ. ನೀರನ್ನು ಹೀರಿಕೊಂಡು ಸ್ವಲ್ಪ ಬಲ ಕಳೆದುಕೊಳ್ಳುವುದು ಮತ್ತು ಬಿಸಿಲಿಗೆ ಹಾಳಾಗುವುದು ಅದರ ದೋಷಗಳು. ಪ್ರತಿ ವರ್ಷ ಬದಲಾಯಿಸುವುದು ಕ್ಷೇಮ. ಈಗಿನ ಅನೇಕರು ಮೊನೊವನ್ನು ಹಳೆಯ ಕಾಲದ ಸಾಮಾನೆಂದು ತಳ್ಳಿಹಾಕುತ್ತಾರೆ. ಆದರೆ ಹಿಗ್ಗುವ ಗುಣವೇ ಕೆಲವು ಲೂರುಗಳಿಗೆ ವರವಾಗುತ್ತದೆ ಎಂಬುದನ್ನು ಮುಂದೆ ನೋಡೋಣ.

ಫ್ಲೋರೋಕಾರ್ಬನ್ ದಾರ ಪಾಲಿವಿನೈಲಿಡೀನ್ ಫ್ಲೋರೈಡ್ ಎಂಬ ಪ್ಲಾಸ್ಟಿಕ್ಕಿನಿಂದ ಆದದ್ದು. ಇದನ್ನು ಮಾರುವವರು ಮೊದಲು ಹೇಳುವ ಮಾತು ನೀರಿನಲ್ಲಿ ಇದು ಕಾಣುವುದಿಲ್ಲ ಎಂಬುದು. ಅದರಲ್ಲಿ ಸ್ವಲ್ಪ ಸತ್ಯವಿದೆ: ನೀರಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಾಗಿಸುವ ಪ್ರಮಾಣ) 1.33, ಫ್ಲೋರೋಕಾರ್ಬನ್‌ನದು ಸುಮಾರು 1.42, ನೈಲಾನಿನದು ಅದಕ್ಕಿಂತ ಹೆಚ್ಚು, 1.53ರ ಆಸುಪಾಸು. ನೀರಿಗೆ ಹತ್ತಿರವಾದಷ್ಟೂ ದಾರ ಕಡಿಮೆ ಹೊಳೆಯುತ್ತದೆ, ಆದರೂ ಪೂರ್ತಿ ಅದೃಶ್ಯವಾಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ದಾರಕ್ಕೆ ಹೆಚ್ಚು ಹಣ ಕೊಡಬೇಕಾದ ಕಾರಣ ಬೇರೆ ಇದೆ. ಅದರ ಸಾಂದ್ರತೆ ಸುಮಾರು 1.78, ಅದು ತಾನೂ ಮುಳುಗಿ ಲೂರನ್ನೂ ಕೆಳಗಿಳಿಸುತ್ತದೆ, ನೀರು ಕುಡಿಯುವುದಿಲ್ಲ, ಕಲ್ಲು ಮತ್ತು ಮರಕ್ಕೆ ಉಜ್ಜಿದರೂ ಸುಲಭವಾಗಿ ಜಗ್ಗುವುದಿಲ್ಲ, ತಳದಲ್ಲಿ ಲೂರು ಮುಟ್ಟಿದ್ದು ಮಣ್ಣೋ ಕಲ್ಲೋ ಎಂಬುದನ್ನು ಬೆರಳಿಗೆ ತಿಳಿಸುತ್ತದೆ. ಗಡಸುತನದಿಂದಾಗಿ ರೀಲಿನಿಂದ ಸುರುಳಿಸುರುಳಿಯಾಗಿ ಹೊರಬರುವುದು ಮತ್ತು ಗಂಟನ್ನು ಒಣಗಿದ್ದಾಗಲೇ ಬಿಗಿದರೆ ಉಜ್ಜಾಟದ ಬಿಸಿಗೆ ದುರ್ಬಲವಾಗುವುದು ಇದರ ದೊಡ್ಡ ತೊಂದರೆಗಳು.

ಬ್ರೇಡ್ ಎಂದರೆ ಡೈನೀಮಾ ಅಥವಾ ಸ್ಪೆಕ್ಟ್ರಾ ಹೆಸರಿನಲ್ಲಿ ತಯಾರಾಗುವ ಪಾಲಿಎಥಿಲೀನ್ ಎಳೆಗಳನ್ನು ಹೆಣೆದ ದಾರ. ಇದರ ಸಾಂದ್ರತೆ 0.97, ಹೀಗಾಗಿ ತೇಲುತ್ತದೆ. ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ದಪ್ಪಕ್ಕೆ ಹೋಲಿಸಿದರೆ ಬಲ ಅಪಾರ. 30 ಪೌಂಡಿನ ಬ್ರೇಡ್ ಸುಮಾರು 8 ಪೌಂಡಿನ ಮೊನೊದಷ್ಟು, 50 ಪೌಂಡಿನದು ಸುಮಾರು 12 ಪೌಂಡಿನ ಮೊನೊದಷ್ಟು ಮಾತ್ರ ದಪ್ಪವಿರುತ್ತದೆ. ಜೊಂಡಿನ ದಂಟನ್ನು ಗರಗಸದಂತೆ ಕೊಯ್ದುಕೊಂಡು ಬರುವ ಈ ದಾರ, ಬಿಗಿಯಾಗಿದ್ದಾಗ ಕಲ್ಲಿನ ಅಂಚಿಗೆ ತಗುಲಿದರೆ ಮಾತ್ರ ಅಚ್ಚರಿಯಾಗುವಷ್ಟು ಬೇಗ ಕಡಿದುಹೋಗುತ್ತದೆ. ತಿಳಿನೀರಿನಲ್ಲಿ ಎದ್ದು ಕಾಣುವುದರಿಂದ ತುದಿಗೆ ಲೀಡರ್ ಎಂಬ ಆರೇಳು ಅಡಿಯ ಫ್ಲೋರೋಕಾರ್ಬನ್ ತುಂಡನ್ನು ಕಟ್ಟುವುದು ವಾಡಿಕೆ.

ನಾಲ್ಕನೆಯ ಹೆಜ್ಜೆ: ಲೂರಿಗೆ ತಕ್ಕ ದಾರವನ್ನು ಜೋಡಿಸುವುದು

ಹೊಸಬರಿಗೆ ನಾನು ಮೊದಲು ಕೊಡಿಸುವುದು ಐದು ಇಂಚಿನ, ಉಪ್ಪು ಬೆರೆಸಿದ ಮೆತ್ತನೆಯ ಪ್ಲಾಸ್ಟಿಕ್ ಕಡ್ಡಿ. ಗ್ಯಾರಿ ಯಾಮಾಮೊಟೊ ಕಂಪನಿಯ ಸೆಂಕೊ ಇದರ ಮೂಲ ಮಾದರಿ. ಹುಳುವಿನ ನಡುವಿಗೆ 1/0 ಅಳತೆಯ ಕೊಕ್ಕೆ ಚುಚ್ಚಿ, ಯಾವ ಸೀಸವನ್ನೂ ಸೇರಿಸದೆ ಎಸೆಯುವ ಈ ವಿಧಾನಕ್ಕೆ ವ್ಯಾಕಿ ರಿಗ್ ಎನ್ನುತ್ತಾರೆ. ಉಪ್ಪಿನ ಭಾರಕ್ಕೆ ಕಡ್ಡಿ ಎರಡೂ ತುದಿಗಳನ್ನು ಅಲುಗಿಸುತ್ತ ನಿಧಾನವಾಗಿ ಇಳಿಯುತ್ತದೆ, ಮೀನು ಬಹುಪಾಲು ಆ ಇಳಿತದಲ್ಲೇ ಬಾಯಿ ಹಾಕುತ್ತದೆ. ದಾರವನ್ನು ಬಿಗಿ ಹಿಡಿದರೆ ಇಳಿತ ಕೆಡುತ್ತದೆ. ಸಡಿಲ ಬಿಟ್ಟು, ದಾರ ನೀರನ್ನು ಮುಟ್ಟುವ ಜಾಗದ ಮೇಲೆ ಕಣ್ಣಿಟ್ಟು, ಅದು ಪಕ್ಕಕ್ಕೆ ಸರಿದ ಕೂಡಲೇ ಎಳೆಯಬೇಕು. ಇದಕ್ಕೆ ಸ್ಪಿನ್ನಿಂಗ್ ರೀಲ್ (ಎಸೆಯುವಾಗ ದಾರದ ಉರುಳೆ ತಿರುಗದ ಬಗೆ), 10 ಪೌಂಡಿನ ಬ್ರೇಡ್ ಮತ್ತು 8 ಪೌಂಡಿನ ಫ್ಲೋರೋಕಾರ್ಬನ್ ಲೀಡರ್ ಒಳ್ಳೆಯ ಜೋಡಿ. ತಿಳಿ ಹಳದಿ ಬಣ್ಣದ ಬ್ರೇಡ್ ತೆಗೆದುಕೊಂಡರೆ ಸರಿದಾಟ ಕಣ್ಣಿಗೆ ಸುಲಭವಾಗಿ ಬೀಳುತ್ತದೆ.

ಮರ, ಪೊದೆ, ಜೊಂಡು ಇರುವಲ್ಲಿ ಕೊಕ್ಕೆಯ ಮೊನೆಯನ್ನು ಹುಳುವಿನೊಳಗೇ ಹುದುಗಿಸುವ ಟೆಕ್ಸಾಸ್ ರಿಗ್ ಬೇಕು. 3/0 ಅಥವಾ 4/0 ಕೊಕ್ಕೆ, ಅದರ ಮುಂದೆ ಗುಂಡಿನಾಕಾರದ 1/8ರಿಂದ 3/8 ಔನ್ಸ್ ತೂಕ, 12ರಿಂದ 17 ಪೌಂಡಿನ ಫ್ಲೋರೋಕಾರ್ಬನ್. ಲೂರು ತಳ ಮುಟ್ಟಬೇಕು, ತಳ ಏನೆಂದು ಕೈಗೆ ತಿಳಿಯಬೇಕು, ಪ್ಲಾಸ್ಟಿಕ್ಕನ್ನು ಸೀಳಿಕೊಂಡು ಮೊನೆ ಮೀನಿನ ದವಡೆಗೆ ನಾಟಬೇಕು. ಹಿಗ್ಗುವ ಮೊನೊದಿಂದ ಈ ಮೂರೂ ಕಷ್ಟ. ಜಿಗ್‌ಗೂ (ತಲೆಗೆ ಭಾರ ಕೂರಿಸಿ, ರಬ್ಬರ್ ಎಳೆಗಳ ಪಾವಡೆ ತೊಡಿಸಿದ ಕೊಕ್ಕೆ) ಇದೇ ತರ್ಕ ಅನ್ವಯಿಸುತ್ತದೆ: 3/8 ಅಥವಾ 1/2 ಔನ್ಸಿನ ಜಿಗ್‌ಗೆ 15ರಿಂದ 20 ಪೌಂಡಿನ ಫ್ಲೋರೋಕಾರ್ಬನ್. ಜಿಗ್ ಅನುಕರಿಸುವುದು ಕಲ್ಲುಸಂದಿಯ, ಸಿಗಡಿಯಂಥ ಕ್ರಾಫಿಶ್‌ಗಳನ್ನು. ದೊಡ್ಡ ಮೀನು ಬೇಕೆನ್ನುವವರು ಚಳಿಯ ತಿಂಗಳುಗಳಲ್ಲಿ ಬೇರೆಲ್ಲ ಬಿಟ್ಟು ಇದನ್ನೇ ಹಿಡಿಯುತ್ತಾರೆ.

ಕ್ರ್ಯಾಂಕ್‌ಬೈಟ್ ಎಂಬ ಗಟ್ಟಿ ಮೈಯ, ಮುಂದೆ ತುಟಿಯಿರುವ ಲೂರು ಸೆಳೆದಂತೆಲ್ಲ ಕೆಳಗೆ ಧುಮುಕುತ್ತದೆ. ದಾರದ ಆಯ್ಕೆಯ ಪರಿಣಾಮ ಸ್ಪಷ್ಟವಾಗಿ ಕಾಣುವುದು ಇಲ್ಲಿಯೇ. ದಪ್ಪ ದಾರ ನೀರಿನಲ್ಲಿ ಹೆಚ್ಚು ಪ್ರತಿರೋಧ ಎದುರಿಸುವುದರಿಂದ ಲೂರು ಪೊಟ್ಟಣದ ಮೇಲೆ ಬರೆದ ಆಳವನ್ನು ಮುಟ್ಟುವುದೇ ಇಲ್ಲ. ಆಳಕ್ಕೆ ಹೋಗಬೇಕಾದರೆ 10 ಅಥವಾ 12 ಪೌಂಡಿನ ತೆಳು ಫ್ಲೋರೋಕಾರ್ಬನ್ ಕಟ್ಟಬೇಕು. ಮೂರ್ನಾಲ್ಕು ಅಡಿ ನೀರಿನಲ್ಲಿ ಮರದ ಕೊಂಬೆಗಳಿಗೆ ತಾಗಿಸಿಕೊಂಡು ಬರುವ ಚೌಕ ತುಟಿಯ ಕ್ರ್ಯಾಂಕ್‌ಬೈಟ್‌ಗೆ 12ರಿಂದ 15 ಪೌಂಡಿನ ಮೊನೊ ಸಾಕು. ಮೂರು ಮುಳ್ಳಿನ ಚಿಕ್ಕ ಕೊಕ್ಕೆಗಳು ಮೀನಿನ ಬಾಯಿಯ ಅಂಚಿಗೆ ಮೇಲುಮೇಲೆ ಸಿಕ್ಕಿರುತ್ತವೆ. ಹಿಗ್ಗದ ಬ್ರೇಡ್‌ನಲ್ಲಿ ಜೋರಾಗಿ ಜಗ್ಗಿದರೆ ಚರ್ಮ ಹರಿದು ಮೀನು ತಪ್ಪಿಸಿಕೊಳ್ಳುತ್ತದೆ. ಈ ಕಾರಣಕ್ಕೆ ಕ್ರ್ಯಾಂಕ್‌ಬೈಟ್‌ಗೆ ಬ್ರೇಡ್ ಕಟ್ಟುವುದನ್ನು ಹೊಸಬರು ತಪ್ಪಿಸಬೇಕು, ರಾಡ್ ಕೂಡ ಸ್ವಲ್ಪ ಬಾಗುವಂಥದ್ದಾಗಿರಬೇಕು.

ತುಟಿಯಿಲ್ಲದ, ಒಳಗೆ ಗುಂಡುಗಳು ಗಲಗಲ ಎನ್ನುವ ರ್‍ಯಾಟ್-ಎಲ್-ಟ್ರ್ಯಾಪ್ ಮಾದರಿಯ ಲೂರು ಟೆಕ್ಸಾಸ್‌ನಲ್ಲಿ ಚಳಿಗಾಲ ಮುಗಿಯುವ ಹೊತ್ತಿನ ಆಯುಧ. ಸ್ಯಾಮ್ ರೇಬರ್ನ್ ಮತ್ತು ಲೇಕ್ ಫೋರ್ಕ್ ಜಲಾಶಯಗಳಲ್ಲಿ ಫೆಬ್ರುವರಿ ಹೊತ್ತಿಗೆ ಅರ್ಧ ಔನ್ಸಿನ ಕೆಂಪು ಬಣ್ಣದ್ದನ್ನು ನೀರೊಳಗಿನ ಹುಲ್ಲಿಗೆ ಸಿಕ್ಕಿಸಿ, ಝಾಡಿಸಿ ಬಿಡಿಸಿಕೊಳ್ಳುತ್ತ ತರುವುದು ಅಲ್ಲಿನವರ ರೂಢಿ. ಮೀನು ಬೀಳುವುದು ಹುಲ್ಲಿನಿಂದ ಬಿಡಿಸಿಕೊಂಡ ಆ ಕ್ಷಣದಲ್ಲೇ. 15 ಪೌಂಡಿನ ಫ್ಲೋರೋಕಾರ್ಬನ್ ಇದಕ್ಕೆ ಸರಿಹೊಂದುತ್ತದೆ.

ತಂತಿಯ ತುದಿಯಲ್ಲಿ ತಗಡು ತಿರುಗುವ ಸ್ಪಿನ್ನರ್‌ಬೈಟ್ ಎಂಬ ಲೂರಿಗೆ 14ರಿಂದ 17 ಪೌಂಡಿನ ಮೊನೊ ಅಥವಾ ಫ್ಲೋರೋಕಾರ್ಬನ್ ಯಾವುದಾದರೂ ನಡೆಯುತ್ತದೆ. ಇಲ್ಲಿ ನೋಡಬೇಕಾದದ್ದು ತಿರುಗುವ ತಗಡಿನ ಆಕಾರ. ದುಂಡನೆಯ ಕೊಲೊರಾಡೊ ತಗಡು ನೀರನ್ನು ಹೆಚ್ಚು ಬಡಿಯುವುದರಿಂದ ಕೆಸರುನೀರಿಗೆ ಮತ್ತು ನಿಧಾನದ ಸೆಳೆತಕ್ಕೆ ಸರಿ. ಉದ್ದನೆಯ ಎಲೆಯಾಕಾರದ ವಿಲೋ ತಗಡಿಗೆ ಮಿಂಚು ಹೆಚ್ಚು, ಕಂಪನ ಕಡಿಮೆ, ಹೀಗಾಗಿ ತಿಳಿನೀರಿಗೆ ಮತ್ತು ವೇಗದ ಸೆಳೆತಕ್ಕೆ ಸರಿ.

ಮೇಲ್ನೀರಿನ ಲೂರುಗಳಲ್ಲಿ ಎರಡು ಗುಂಪುಗಳಿವೆ, ಅವುಗಳನ್ನು ಬೆರೆಸಬಾರದು. ಹೆಡನ್ ಕಂಪನಿಯ ಜಾರಾ ಸ್ಪೂಕ್, ರೆಬೆಲ್ ಕಂಪನಿಯ ಪಾಪ್-ಆರ್ ಇಂಥವು ಮೂರು ಮುಳ್ಳಿನ ಕೊಕ್ಕೆಗಳಿರುವ, ತೆರೆದ ನೀರಿನ ಲೂರುಗಳು. ಇವಕ್ಕೆ ಫ್ಲೋರೋಕಾರ್ಬನ್ ಕಟ್ಟಿದರೆ ಮುಳುಗುವ ದಾರ ಲೂರಿನ ಮೂತಿಯನ್ನು ಕೆಳಕ್ಕೆ ಜಗ್ಗಿ, ಎಡಕ್ಕೂ ಬಲಕ್ಕೂ ತಲೆ ಹಾಕುತ್ತ ಬರಬೇಕಾದ ಅದರ ನಡಿಗೆಯನ್ನೇ ಕೆಡಿಸುತ್ತದೆ. 12ರಿಂದ 15 ಪೌಂಡಿನ ಮೊನೊ, ಇಲ್ಲವೇ 30 ಪೌಂಡಿನ ಬ್ರೇಡ್‌ಗೆ ಗಿಡ್ಡ ಮೊನೊ ಲೀಡರ್ ಸೂಕ್ತ. ಎರಡನೆಯ ಗುಂಪು ಟೊಳ್ಳು ಮೈಯ ಕಪ್ಪೆ. ಅದರ ಕೊಕ್ಕೆಗಳು ಮೈಗೆ ಅಂಟಿಕೊಂಡಂತೆ ಮೇಲ್ಮುಖವಾಗಿರುವುದರಿಂದ ತಾವರೆ ಎಲೆಗಳ ಮೇಲೆ, ಹಾಸುಪಾಚಿಯ ಮೇಲೆ ಸಿಕ್ಕಿಕೊಳ್ಳದೆ ಜಾರಿಬರುತ್ತದೆ. ಇದಕ್ಕೆ 50ರಿಂದ 65 ಪೌಂಡಿನ ಬ್ರೇಡ್ ಬಿಟ್ಟು ಬೇರೇನೂ ಕೂಡದು, ಲೀಡರ್ ಕೂಡ ಬೇಡ. ಮೀನು ಕಪ್ಪೆಯೊಂದಿಗೆ ನಾಲ್ಕೈದು ಕೆ.ಜಿ. ಪಾಚಿಯನ್ನೂ ಸುತ್ತಿಕೊಂಡು ಬರುವುದು ಇಲ್ಲಿ ಸಾಮಾನ್ಯ. ಮೀನು ಹಾರಿದ ಕೂಡಲೇ ಎಳೆಯದೆ, ದಾರದಲ್ಲಿ ಭಾರ ತಿಳಿದ ಮೇಲಷ್ಟೇ ಎಳೆಯಬೇಕು. ಕರ್ನಾಟಕದ ಕೆರೆಗಳಲ್ಲಿ ಹಾವಿನಂಥ ತಲೆಯ ಮುರ್ರೆಲ್ ಮೀನಿಗೆ ಹವ್ಯಾಸಿಗಳು ಬಳಸುವುದೂ ಇದೇ ಕಪ್ಪೆ, ಇದೇ ಬ್ರೇಡ್. ಊರಿಗೆ ಹೋಗುವಾಗ ಪೆಟ್ಟಿಗೆಯಲ್ಲಿ ಒಂದೆರಡನ್ನು ಹಾಕಿಕೊಂಡರೆ ನಷ್ಟವಿಲ್ಲ.

ಬಣ್ಣದ ವಿಚಾರ

ಅಂಗಡಿಗಳು ಬಣ್ಣಗಳಿಂದಲೇ ಬದುಕುತ್ತವೆ ಎಂದರೂ ತಪ್ಪಿಲ್ಲ. ಲಾರ್ಜ್‌ಮೌತ್ ಬ್ಯಾಸ್ ಕೆಂಪು ಮತ್ತು ಹಸಿರನ್ನು ಚೆನ್ನಾಗಿ ಗುರುತಿಸಬಲ್ಲದು, ಆದರೆ ಗಾಢ ನೀಲಿಯನ್ನು ಕಪ್ಪಿನೊಂದಿಗೆ, ತಿಳಿ ಹಳದಿ-ಹಸಿರನ್ನು ಬಿಳಿಯೊಂದಿಗೆ ಗೊಂದಲ ಮಾಡಿಕೊಳ್ಳುತ್ತದೆ ಎಂದು ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಆದ್ದರಿಂದ ತಿಳಿನೀರಿಗೆ ಕುಂಬಳ ಹಸಿರು ಎನ್ನಬಹುದಾದ ಗ್ರೀನ್ ಪಂಪ್ಕಿನ್, ಮಬ್ಬು ಮತ್ತು ಕೆಸರಿಗೆ ಕಪ್ಪು-ನೀಲಿ, ಶ್ಯಾಡ್ ಎಂಬ ಬೇಟೆಮೀನಿನ ಮರಿಗಳ ಹಿಂದೆ ಬಿದ್ದ ಬ್ಯಾಸ್‌ಗೆ ಬಿಳಿ. ಈ ಮೂರರೊಂದಿಗೆ ಮೊದಲ ವರ್ಷವನ್ನು ನೆಮ್ಮದಿಯಾಗಿ ಕಳೆಯಬಹುದು.

ಐದನೆಯ ಹೆಜ್ಜೆ: ಸುತ್ತುವುದು ಮತ್ತು ಗಂಟು ಹಾಕುವುದು

ರಾಡಿನ ಹಿಡಿಕೆಯ ಮೇಲ್ಭಾಗದಲ್ಲಿ ಅದಕ್ಕೆ ಒಪ್ಪುವ ದಾರದ ಬಲ ಮತ್ತು ಲೂರಿನ ತೂಕವನ್ನು ಮುದ್ರಿಸಿರುತ್ತಾರೆ; ಮೇಲಿನ ಜೋಡಿಗಳನ್ನು ಅದರೊಂದಿಗೆ ಹೋಲಿಸಿ ಕೊಳ್ಳಿ. ಎರಡು ರಾಡ್‌ಗಳಿಗೆ ಮಾತ್ರ ಹಣವಿದ್ದರೆ, ಒಂದು ಸ್ಪಿನ್ನಿಂಗ್ ರೀಲಿಗೆ 10 ಪೌಂಡಿನ ಬ್ರೇಡ್ ಮತ್ತು ಲೀಡರ್, ಒಂದು ಬೈಟ್‌ಕಾಸ್ಟಿಂಗ್ ರೀಲಿಗೆ (ಎಸೆಯುವಾಗ ಉರುಳೆ ತಿರುಗುವ ಬಗೆ) 15 ಪೌಂಡಿನ ಫ್ಲೋರೋಕಾರ್ಬನ್ ಸುತ್ತಿಕೊಂಡರೆ ಕಪ್ಪೆಯೊಂದನ್ನು ಬಿಟ್ಟು ಹೆಚ್ಚಿನದೆಲ್ಲ ನಡೆಯುತ್ತದೆ.

ಬ್ರೇಡನ್ನು ರೀಲಿನ ನುಣುಪಾದ ಸ್ಪೂಲಿಗೆ (ದಾರದ ಉರುಳೆಗೆ) ನೇರವಾಗಿ ಸುತ್ತಿದರೆ ಮೀನು ಎಳೆದಾಗ ಇಡೀ ಸುತ್ತೇ ಜಾರಿ ತಿರುಗುತ್ತದೆ. ಮೊದಲು ಹತ್ತಿಪ್ಪತ್ತು ಸುತ್ತು ಮೊನೊ ಸುತ್ತಿ, ಅದಕ್ಕೆ ಬ್ರೇಡ್ ಕಟ್ಟಬೇಕು. ಸ್ಪಿನ್ನಿಂಗ್ ಸ್ಪೂಲನ್ನು ಅಂಚಿಗಿಂತ ಸುಮಾರು 1/8 ಇಂಚು ಕೆಳಗಿನವರೆಗೆ ಮಾತ್ರ ತುಂಬಿಸಿ, ಒದ್ದೆ ಬಟ್ಟೆಯ ನಡುವೆ ದಾರವನ್ನು ಹಿಡಿದು ಬಿಗಿಯಾಗಿಯೇ ಸುತ್ತಿ.

ಗಂಟುಗಳಲ್ಲಿ ಪಾಲೊಮಾರ್ ಒಂದನ್ನು ಚೆನ್ನಾಗಿ ಕಲಿತರೆ ಮೂರೂ ದಾರಗಳಿಗೆ ಸಾಕಾಗುತ್ತದೆ. ಬ್ರೇಡ್ ಮತ್ತು ಲೀಡರನ್ನು ಸೇರಿಸಲು ಡಬಲ್ ಯೂನಿ ಗಂಟು ಬೇಕು. ಬಿಗಿಯುವ ಮೊದಲು ಗಂಟನ್ನು ಎಂಜಲಿನಿಂದಲೋ ನೀರಿನಿಂದಲೋ ಒದ್ದೆ ಮಾಡುವುದನ್ನು, ಅದರಲ್ಲೂ ಫ್ಲೋರೋಕಾರ್ಬನ್‌ನಲ್ಲಿ, ಎಂದೂ ಬಿಡಬಾರದು. ಕೆಲವು ಮೀನು ಹಿಡಿದ ನಂತರ ಅಥವಾ ಕಲ್ಲಿಗೆ ಸಿಕ್ಕಿ ಬಿಡಿಸಿದ ನಂತರ ಕೊನೆಯ ಎರಡು ಮೂರು ಅಡಿಯನ್ನು ಉಗುರಿನ ನಡುವೆ ಎಳೆದು ನೋಡಿ. ಒರಟು ತಾಗಿದರೆ ಅಷ್ಟನ್ನು ಕತ್ತರಿಸಿ ಮತ್ತೆ ಕಟ್ಟಿ.

ನೀರಿಗಿಳಿಯುವ ಮುನ್ನ

ಟೆಕ್ಸಾಸ್‌ನಲ್ಲಿ 17 ವರ್ಷ ತುಂಬಿದವರಿಗೆ ಲೈಸೆನ್ಸ್ ಬೇಕು; ಆದರೆ ಸ್ಟೇಟ್ ಪಾರ್ಕಿನ ದಡದಿಂದ ಗಾಳ ಹಾಕಲು ಬೇಕಿಲ್ಲ, ಹೊಸಬರು ಅಲ್ಲಿಂದಲೇ ಆರಂಭಿಸಬಹುದು. ರಾಜ್ಯದ ಸಾಮಾನ್ಯ ನಿಯಮದಂತೆ ಇಟ್ಟುಕೊಳ್ಳುವ ಲಾರ್ಜ್‌ಮೌತ್ ಕನಿಷ್ಠ 14 ಇಂಚು ಇರಬೇಕು, ದಿನಕ್ಕೆ ಐದು ಮಾತ್ರ. ಲೇಕ್ ಫೋರ್ಕ್‌ನಂಥ ಜಲಾಶಯಗಳಿಗೆ ಪ್ರತ್ಯೇಕ ನಿಯಮಗಳಿವೆ. ಅಲ್ಲಿ 16ರಿಂದ 24 ಇಂಚಿನ ನಡುವಿನ ಮೀನುಗಳನ್ನು ಮರಳಿ ನೀರಿಗೆ ಬಿಡಲೇಬೇಕು. ನಿಯಮಗಳು ಬದಲಾಗುವುದರಿಂದ ಹೊರಡುವ ಮುನ್ನ ರಾಜ್ಯದ ವನ್ಯಜೀವಿ ಇಲಾಖೆಯ ಪುಟವನ್ನು ನೋಡಿಕೊಳ್ಳಿ. ನ್ಯೂ ಹ್ಯಾಂಪ್‌ಶೈರ್‌ನಂಥ ಈಶಾನ್ಯದ ಕೆಲವು ರಾಜ್ಯಗಳಲ್ಲಿ ಲೂನ್ ಹಕ್ಕಿಗಳನ್ನು ಉಳಿಸುವುದಕ್ಕಾಗಿ ಸೀಸದ ಚಿಕ್ಕ ತೂಕಗಳಿಗೆ ನಿಷೇಧವಿದೆ. ಅಲ್ಲಿ ಟಂಗ್‌ಸ್ಟನ್ ಬಳಸಬೇಕಾಗುತ್ತದೆ. ಬೆಲೆ ಹೆಚ್ಚಾದರೂ ಟಂಗ್‌ಸ್ಟನ್ ಸೀಸಕ್ಕಿಂತ ಸುಮಾರು 1.7 ಪಟ್ಟು ಸಾಂದ್ರವಾದ್ದರಿಂದ ಅದೇ ತೂಕಕ್ಕೆ ಚಿಕ್ಕದಾಗಿರುತ್ತದೆ, ತಳದ ಕಲ್ಲನ್ನು ಇನ್ನೂ ಸ್ಪಷ್ಟವಾಗಿ ಕೈಗೆ ತಿಳಿಸುತ್ತದೆ.

ಕತ್ತರಿಸಿದ ದಾರವನ್ನು ದಡದಲ್ಲಿ ಬಿಟ್ಟರೆ ಹಕ್ಕಿಗಳ ಕಾಲಿಗೂ ಆಮೆಗಳ ಕುತ್ತಿಗೆಗೂ ಸುತ್ತಿಕೊಳ್ಳುತ್ತದೆ. ಅನೇಕ ದೋಣಿಕಟ್ಟೆಗಳಲ್ಲಿ ಹಳೆಯ ದಾರ ಹಾಕಲು ಪ್ಲಾಸ್ಟಿಕ್ ಕೊಳವೆಗಳನ್ನು ನಿಲ್ಲಿಸಿದ್ದಾರೆ. ಮೊನೊ ಅಲ್ಲಿಗೆ ಹೋಗಲಿ, ಬ್ರೇಡನ್ನು ಚಿಕ್ಕದಾಗಿ ಕತ್ತರಿಸಿ ಮನೆಯ ಕಸಕ್ಕೆ ಹಾಕಿ. ಮನೆಗೆ ಬಂದ ಮೇಲೆ ಮೆತ್ತನೆಯ ಹುಳುಗಳನ್ನು ಆಯಾ ಪೊಟ್ಟಣಕ್ಕೇ ಮರಳಿ ಹಾಕಿಡಬೇಕು. ಅದರಲ್ಲೂ ಜೀ-ಮ್ಯಾನ್ ಕಂಪನಿಯ ಎಲಾಸ್ಟೆಕ್ ಹುಳುಗಳನ್ನು ಬೇರೆ ಪ್ಲಾಸ್ಟಿಕ್ ಹುಳುಗಳೊಂದಿಗೆ ಒಂದೇ ಡಬ್ಬಿಯಲ್ಲಿಟ್ಟರೆ ಎರಡೂ ಕರಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಡಬ್ಬಿಯೂ ಹಾಳಾಗುತ್ತದೆ.